ಕೀನ್ಯಾ ಸಫಾರಿಗೆ ಟಿಕೆಟ್ ಬುಕ್ ಮಾಡುವ ಮುಂಚೆ: ಅಪಾಯದ ಲೆಕ್ಕ ಹಾಕುವುದು ಹೇಗೆ?

ಬೆಂಗಳೂರು, ಮೈಸೂರಿನಿಂದ ಕೀನ್ಯಾದ ಮಸಾಯಿ ಮಾರಾ ಕಾಡಿಗೆ ಹೋಗುವವರು ಈಗ ಕಡಿಮೆಯೇನಿಲ್ಲ. ಕಬಿನಿ, ಬಂಡೀಪುರದಲ್ಲಿ ಕ್ಯಾಮೆರಾ ಹಿಡಿದು ಕೂತವರಿಗೆ ಮುಂದಿನ ಕನಸು ಸಾಮಾನ್ಯವಾಗಿ ಅದೇ. ಹೊರಡುವ ಮಾತು ಎತ್ತಿದ ಕೂಡಲೇ ಮನೆಯಲ್ಲಿ ಏಳುವ ಪ್ರಶ್ನೆಯೂ ಒಂದೇ: "ಆಫ್ರಿಕಾನಾ? ಸೇಫಾ?"

ಇದಕ್ಕೆ ಹೌದು ಅಥವಾ ಇಲ್ಲ ಎಂದು ಥಟ್ಟನೆ ಹೇಳುವವರನ್ನು ನಂಬಬೇಡಿ. ಇಡೀ ದೇಶಕ್ಕೆ ದೇಶವೇ ಸೇಫ್, ಇಲ್ಲವೇ ಇಡೀ ದೇಶವೇ ಅಪಾಯ ಎಂದು ಇರುವುದಿಲ್ಲ. ಯಾವ ಊರು, ಯಾವ ತಿಂಗಳು, ಹೋಗುವವರು ಯಾರು, ಅಲ್ಲಿ ಏನು ಮಾಡುತ್ತಾರೆ? ಈ ನಾಲ್ಕು ಗೊತ್ತಾದ ಮೇಲೆ ಮಾತ್ರ ಮಾತಾಡಬಹುದು. ಇನ್ನೊಂದು ವಿಷಯ. ನಾವು ಹೆದರುವುದು ಸಿಂಹಕ್ಕೆ, ಬಾಂಬಿಗೆ. ಪ್ರವಾಸಿಗಳನ್ನು ನಿಜವಾಗಿ ಜಾಸ್ತಿ ಕಾಡುವುದು ಸೊಳ್ಳೆ, ರಸ್ತೆ, ಮತ್ತು ಊರಿನಿಂದಲೇ ಜೊತೆಗೆ ಬಂದ ಬಿಪಿ, ಶುಗರ್.

ಕೀನ್ಯಾವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಒಂದೊಂದೇ ಹಂತ ನೋಡೋಣ. ಬೇರೆ ದೇಶಕ್ಕೆ ಹೋಗುವವರು ಊರಿನ ಹೆಸರು, ಕಾಯಿಲೆಯ ಹೆಸರು ಬದಲಿಸಿಕೊಂಡರಾಯಿತು. ಹೊರಡುವುದಕ್ಕೆ ಎಂಟು ವಾರ ಮುಂಚೆ ಶುರು ಮಾಡಿದರೆ ಒಳ್ಳೆಯದು.

ಹಂತ 1: ಪ್ಲ್ಯಾನನ್ನು ಕಾಗದಕ್ಕೆ ಇಳಿಸಿ

ಒಂದು ಮನೆ ಅಂದುಕೊಳ್ಳೋಣ. ನಲವತ್ತರ ಆಸುಪಾಸಿನ ಗಂಡ, ಹೆಂಡತಿ. ಏಳು ವರ್ಷದ ಮಗ. ಅರವತ್ತಾರು ವರ್ಷದ ಅಜ್ಜಿ. ಅಜ್ಜಿಗೆ ಶುಗರ್, ಬಿಪಿ ಎರಡಕ್ಕೂ ಮಾತ್ರೆ ನಡೆಯುತ್ತಿದೆ. ಆಗಸ್ಟ್‌ನಲ್ಲಿ ಹೊರಡುವ ಯೋಚನೆ. ನೈರೋಬಿಯಲ್ಲಿ ಒಂದು ರಾತ್ರಿ, ನೈವಾಶಾ ಸರೋವರದ ಹತ್ತಿರ ಒಂದು, ಮಾರಾದಲ್ಲಿ ಮೂರು, ಕೊನೆಗೆ ಡಿಯಾನಿ ಬೀಚಿನಲ್ಲಿ ಎರಡು.

ಪ್ರತಿ ಊರಿನ ಮುಂದೆ ಮೂರು ವಿಷಯ ಬರೆಯಿರಿ. ಅಲ್ಲಿಗೆ ಹೋಗುವುದು ಹೇಗೆ, ಅಲ್ಲಿ ಮಾಡುವುದು ಏನು, ಆ ಊರು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ. ಎತ್ತರ ಯಾಕೆ ಅಂತೀರಾ? ಮಲೇರಿಯಾ ಸೊಳ್ಳೆಗೆ ಬಿಸಿ ಬೇಕು. ನೈರೋಬಿ ಸುಮಾರು 1,800 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ಮಲೇರಿಯಾ ಕಡಿಮೆ. ಡಿಯಾನಿ ಸಮುದ್ರದ ದಡ, ಅಲ್ಲಿ ಜಾಸ್ತಿ. ಒಂದೇ ದೇಶ, ಒಂದೇ ವಾರ, ಅಪಾಯ ಬೇರೆ ಬೇರೆ.

ನಡುವೆ ವಿಮಾನ ಬದಲಿಸುವ ಊರನ್ನೂ ಬರೆಯಲು ಮರೆಯಬೇಡಿ. ಬೆಂಗಳೂರಿನಿಂದ ನೈರೋಬಿಗೆ ಕೆಲವರು ಮುಂಬೈ ಮೇಲೆ ಹೋಗುತ್ತಾರೆ, ಕೆಲವರು ದುಬೈ ಅಥವಾ ದೋಹಾ ಮೇಲೆ, ಕೆಲವರು ಅಡಿಸ್ ಅಬಾಬಾ ಮೇಲೆ. ಈ ಆಯ್ಕೆಯಿಂದ ಲಸಿಕೆಯ ನಿಯಮವೂ ಬದಲಾಗುತ್ತದೆ, ಬ್ಯಾಗಿನಲ್ಲಿ ಏನಿರಬಹುದು ಎನ್ನುವುದೂ ಬದಲಾಗುತ್ತದೆ. ಗಸಗಸೆಯನ್ನೇ ನೋಡಿ. ನಮಗೆ ಅದು ಪಾಯಸದ ಸಾಮಾನು, ಯುಎಇಯಲ್ಲಿ ನಿಷೇಧಿತ ವಸ್ತು. ನೋವಿಗೆ ಕೊಡುವ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಔಷಧಿ ಕೂಡ ಅಲ್ಲಿ ಅನುಮತಿಯಿಲ್ಲದೆ ಒಯ್ಯುವಂತಿಲ್ಲ.

ಹಂತ 2: ಸರ್ಕಾರಗಳ ಸೂಚನೆಯನ್ನು ಓದಿ, ಬರೀ ಬಣ್ಣ ನೋಡಬೇಡಿ

ಅಮೆರಿಕದ ವಿದೇಶಾಂಗ ಇಲಾಖೆ ಪ್ರತಿ ದೇಶಕ್ಕೂ 1ರಿಂದ 4ರವರೆಗೆ ಒಂದು ಮಟ್ಟ ಕೊಡುತ್ತದೆ. 1 ಅಂದರೆ ಮಾಮೂಲಿ ಎಚ್ಚರ ಸಾಕು, 4 ಅಂದರೆ ಹೋಗಲೇಬೇಡಿ. ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ ಸರ್ಕಾರಗಳೂ ಇಂಥ ಪುಟಗಳನ್ನು ಇಟ್ಟಿವೆ. ನನ್ನ ಮಟ್ಟಿಗೆ ಬ್ರಿಟನ್‌ನದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಲ್ಲಿ ದೇಶದ ನಕ್ಷೆ ಹಾಕಿ, ಯಾವ ಭಾಗಕ್ಕೆ ಹೋಗಬಾರದು ಎಂದು ಬಿಡಿಸಿ ಹೇಳಿರುತ್ತಾರೆ.

ಕೀನ್ಯಾದ ಪುಟ ತೆರೆದರೆ ಮೊದಲು ಕಾಣುವುದು ಭಯೋತ್ಪಾದನೆಯ ಮಾತು. ಅದು ಸುಳ್ಳಲ್ಲ. 2013ರ ಸೆಪ್ಟೆಂಬರ್‌ನಲ್ಲಿ ನೈರೋಬಿಯ ವೆಸ್ಟ್‌ಗೇಟ್ ಮಾಲ್ ಮೇಲೆ ಸೊಮಾಲಿಯಾದ ಉಗ್ರ ಸಂಘಟನೆ ಅಲ್ ಶಬಾಬ್ ದಾಳಿ ಮಾಡಿ 67 ಜನರನ್ನು ಕೊಂದಿತು. 2015ರಲ್ಲಿ ಗರಿಸ್ಸಾ ವಿಶ್ವವಿದ್ಯಾಲಯದಲ್ಲಿ 148 ಜನ ಸತ್ತರು. 2019ರಲ್ಲಿ ನೈರೋಬಿಯ ಒಂದು ಹೋಟೆಲ್ ಸಂಕೀರ್ಣದ ಮೇಲೂ ದಾಳಿಯಾಯಿತು. ಹಾಗಂತ ಅಲ್ಲಿಗೇ ಪುಟ ಮುಚ್ಚಬೇಡಿ, ಕೆಳಗೆ ಓದಿ. ಹೋಗಬೇಡಿ ಎಂದು ಗಟ್ಟಿಯಾಗಿ ಹೇಳುವುದು ಸೊಮಾಲಿಯಾ ಗಡಿಗೆ ಹೊಂದಿರುವ ಜಾಗಗಳ ಬಗ್ಗೆ: ಮಂಡೇರಾ, ಗರಿಸ್ಸಾ, ಲಾಮು ಕಡೆ. ಮಾರಾ ಇರುವುದು ದೇಶದ ಇನ್ನೊಂದು ತುದಿಯಲ್ಲಿ, ಟಾಂಜಾನಿಯಾ ಗಡಿಗೆ. ಈಗ ನಿಮ್ಮ ಕಾಗದ ತೆಗೆದು ನೋಡಿ. ಅದರಲ್ಲಿರುವ ಯಾವ ಊರಾದರೂ ಕೆಂಪು ಗೆರೆಯೊಳಗೆ ಬಿತ್ತೇ? ಬೀಳಲಿಲ್ಲ ಅಂದರೆ ಭಯೋತ್ಪಾದನೆಯ ಅಪಾಯ ಸೊನ್ನೆಯಾಯಿತು ಎಂದಲ್ಲ. ನೈರೋಬಿಯ ದೊಡ್ಡ ಮಾಲ್‌ನಲ್ಲಿ ಸುಮ್ನೆ ಅರ್ಧ ದಿನ ಕಳೆಯುವ ಪ್ಲ್ಯಾನ್ ಬಿಟ್ಟರೆ ಏನೂ ನಷ್ಟವಿಲ್ಲ, ಅಷ್ಟೇ.

ಎರಡು ಸರ್ಕಾರಗಳು ಹೇಳುವುದು ಒಂದೇ ಆದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಒಂದರದು ಬೇರೆಯಾದರೆ ಕಾರಣ ಓದಿ. ಒಂದೊಂದು ದೇಶ ತನ್ನ ನಾಗರಿಕರಿಗಾಗಿ ಬರೆದ ಮಾತು ಅದು. ಅಮೆರಿಕದ ಪಾಸ್‌ಪೋರ್ಟ್ ಇದ್ದವರಿಗೆ ಇರುವ ಅಪಾಯ ನಮಗೆ ಇರಬೇಕಿಲ್ಲ, ನಮಗಿರುವುದು ಅವರಿಗೆ ಇರಬೇಕಿಲ್ಲ.

ಹಾಗಾಗಿ ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆಗಳನ್ನೂ, ನೈರೋಬಿಯಲ್ಲಿರುವ ಭಾರತೀಯ ಹೈಕಮಿಷನ್ ಪುಟವನ್ನೂ ನೋಡಲೇಬೇಕು. ನಮ್ಮ ರಾಯಭಾರ ಕಚೇರಿಗಳ ಭಾಷೆ ಮೆತ್ತಗಿರುತ್ತದೆ. ಅದನ್ನು ಓದುವುದೂ ಒಂದು ಕಲೆ. 2022ರ ಫೆಬ್ರವರಿ 15ರಂದು ಉಕ್ರೇನ್ ರಾಜಧಾನಿ ಕೀವ್‌ನ ಭಾರತೀಯ ರಾಯಭಾರ ಕಚೇರಿ, ಅಲ್ಲಿ ಉಳಿಯುವ ಅಗತ್ಯವಿಲ್ಲದ ವಿದ್ಯಾರ್ಥಿಗಳು ತಾತ್ಕಾಲಿಕವಾಗಿ ಹೊರಡುವುದನ್ನು ಯೋಚಿಸಬಹುದು ಎಂದು ಹೇಳಿತ್ತು. ಯೋಚಿಸಬಹುದು, ಅಷ್ಟೇ. 24ರಂದು ಯುದ್ಧ ಶುರುವಾಯಿತು, ಆ ದಿನವೇ ವಿಮಾನ ನಿಂತವು. ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಆ ಹುಡುಗರದು ತಪ್ಪು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಟಿಕೆಟ್ ದರ, ಕಾಲೇಜಿನ ಹಾಜರಿ, ಎಷ್ಟೋ ಕಾರಣ ಇದ್ದವು. ಆದರೆ ರಾಯಭಾರ ಕಚೇರಿಯ ಸೂಚನೆಯಲ್ಲಿ 'ಹೊರಡುವುದು' ಎಂಬ ಪದ ಬಂದ ಮೇಲೆ ವಿಮಾನ ಹಾರುತ್ತಿರುವಾಗಲೇ ಹೊರಡಬೇಕು.

2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಎರಡು ಸೇನಾ ಬಣಗಳ ನಡುವೆ ಕಾಳಗ ಶುರುವಾದಾಗ ನಮ್ಮ ಹಕ್ಕಿಪಿಕ್ಕಿ ಸಮುದಾಯದ ಅನೇಕರು ಅಲ್ಲಿದ್ದರು. ಗಿಡಮೂಲಿಕೆ ಎಣ್ಣೆ ಮಾರಲು ಹೋದವರು. ಆಪರೇಷನ್ ಕಾವೇರಿಯಲ್ಲಿ ಅವರನ್ನು ಜೆಡ್ಡಾ ಮೂಲಕ ಕರೆತಂದರು. ಇಂಥ ಹೊತ್ತಿನಲ್ಲಿ ಮೊದಲು ಬೇಕಾಗುವುದು ಯಾರು, ಎಲ್ಲಿದ್ದಾರೆ ಎಂಬ ಪಟ್ಟಿ. ಅದಕ್ಕೇ ಹೆಚ್ಚು ದಿನ ಇರುವವರು ರಾಯಭಾರ ಕಚೇರಿಯಲ್ಲಿ ಹೆಸರು, ಫೋನ್ ನಂಬರ್ ಬರೆಸಿಕೊಳ್ಳಬೇಕು. ವಾರದ ಪ್ರವಾಸಕ್ಕೆ ಹೋಗುವವರು ಆ ಕಚೇರಿಯ ತುರ್ತು ನಂಬರನ್ನು ಫೋನಿನಲ್ಲಿ ಉಳಿಸಿಕೊಂಡು, ಕಾಗದದಲ್ಲೂ ಬರೆದಿಟ್ಟುಕೊಂಡರೆ ಸಾಕು.

ಹಂತ 3: ಕ್ಯಾಲೆಂಡರ್ ನೋಡಿ

ಚುನಾವಣೆ, ಮಳೆ, ಜನಜಂಗುಳಿ. ಈ ಮೂರಕ್ಕೆ ದಿನಾಂಕ ಇರುತ್ತದೆ, ಆದ್ದರಿಂದ ತಪ್ಪಿಸಿಕೊಳ್ಳುವುದೂ ಸುಲಭ.

ಕೀನ್ಯಾದಲ್ಲಿ 2007ರ ಡಿಸೆಂಬರ್ ಚುನಾವಣೆಯ ನಂತರ ನಡೆದ ಹಿಂಸೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಮೇಲಿನ ಚುನಾವಣೆಗಳು ಅಷ್ಟು ಕೆಟ್ಟದಾಗಿ ನಡೆದಿಲ್ಲ, ಆದರೂ ಆ ವಾರಗಳಲ್ಲಿ ಬೀದಿ ಬಿಸಿಯಾಗಿರುತ್ತದೆ. ಮುಂದಿನ ಸಾರ್ವತ್ರಿಕ ಚುನಾವಣೆ 2027ರ ಆಗಸ್ಟ್‌ನಲ್ಲಿ. ಅಂದರೆ ಸಫಾರಿಯ ಭರ್ತಿ ಸೀಸನ್ನಿನಲ್ಲೇ. ಆ ವರ್ಷ ಹೋಗುವವರು ಸೆಪ್ಟೆಂಬರ್ ಕೊನೆಗೆ ತಳ್ಳುವುದು ಜಾಣತನ. ಕಾಡುಕೋಣದಂತಿರುವ ವೈಲ್ಡ್‌ಬೀಸ್ಟ್ ಹಿಂಡುಗಳು ಮಾರಾದಲ್ಲಿ ಸಾಮಾನ್ಯವಾಗಿ ಜುಲೈನಿಂದ ಅಕ್ಟೋಬರ್‌ವರೆಗೆ ಇರುತ್ತವೆ, ಅವಸರವಿಲ್ಲ.

ದಿನಾಂಕವಿಲ್ಲದೆ ಬರುವ ಗಲಭೆಗೆ ಅಲ್ಲಿನ ಪತ್ರಿಕೆಗಳೇ ದಾರಿ. 2024ರ ಜೂನ್‌ನಲ್ಲಿ ತೆರಿಗೆ ಮಸೂದೆಯ ವಿರುದ್ಧ ನೈರೋಬಿಯ ಯುವಕರು ಬೀದಿಗಿಳಿದರು, 25ರಂದು ಸಂಸತ್ತಿನೊಳಗೇ ನುಗ್ಗಿದರು. ನಮ್ಮ ಹೈಕಮಿಷನ್ ಆಗ ಭಾರತೀಯರಿಗೆ ಎಚ್ಚರಿಕೆ ಕೊಟ್ಟಿತ್ತು. ಆದರೆ ಡೈಲಿ ನೇಷನ್, ದಿ ಸ್ಟ್ಯಾಂಡರ್ಡ್ ಓದುತ್ತಿದ್ದವರಿಗೆ ಅದು ಕಾವೇರುತ್ತಿರುವುದು ಮುಂಚೆಯೇ ಗೊತ್ತಿತ್ತು. ಹೊರಡುವ ಮುಂಚಿನ ಎರಡು ವಾರ ದಿನಕ್ಕೆ ಹತ್ತು ನಿಮಿಷ ಅಲ್ಲಿನ ಒಂದು ಪತ್ರಿಕೆಯ ತಲೆಬರಹ ಓದಿ. ನಮ್ಮ ಟಿವಿ ಚಾನೆಲ್ ನೋಡಿ ಕೀನ್ಯಾ ಹೇಗಿದೆ ಎಂದು ತಿಳಿಯಲಾಗದು.

ಮಳೆಗಾಲ ಅಲ್ಲಿ ಎರಡು. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ನವೆಂಬರ್, ಡಿಸೆಂಬರ್‌ನಲ್ಲಿ ಸಣ್ಣ ಮಳೆ. ಏಪ್ರಿಲ್‌ನಲ್ಲಿ ಪ್ಯಾಕೇಜ್ ಅಗ್ಗ ಎಂದು ಆಸೆ ಹುಟ್ಟಬಹುದು. 2024ರ ಮೇ ಮೊದಲಲ್ಲಿ ಮಾರಾದ ತಾಲೆಕ್ ನದಿ ಉಕ್ಕಿ ಪ್ರವಾಸಿ ಕ್ಯಾಂಪುಗಳಿಗೇ ನುಗ್ಗಿ, ಜನರನ್ನು ಹೆಲಿಕಾಪ್ಟರ್‌ನಲ್ಲಿ ಎತ್ತಬೇಕಾಯಿತು. ಬುಕ್ ಮಾಡುವಾಗ ಕ್ಯಾಂಪ್ ನದಿ ಪಕ್ಕದಲ್ಲಿದೆಯೇ, ಎಷ್ಟು ಎತ್ತರದಲ್ಲಿದೆ ಎಂದು ಕೇಳಿ.

ಹಂತ 4: ಹಳದಿ ಜ್ವರದ ಲಸಿಕೆ

ಇದೊಂದನ್ನು ನಿಧಾನವಾಗಿ ಓದಿ. ತಪ್ಪಾದರೆ ಪ್ರವಾಸದ ಕೊನೆಯ ದಿನ ಮನೆಯ ಬದಲು ಆಸ್ಪತ್ರೆಯ ಪ್ರತ್ಯೇಕ ಕೋಣೆಯಲ್ಲಿ ಕೂರಬೇಕಾಗುತ್ತದೆ.

ಹಳದಿ ಜ್ವರ, ಅಂದರೆ ಯೆಲ್ಲೋ ಫೀವರ್, ಸೊಳ್ಳೆಯಿಂದ ಹರಡುವ ವೈರಸ್ ಕಾಯಿಲೆ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದಲ್ಲಿದೆ, ಭಾರತದಲ್ಲಿ ಇಲ್ಲ. ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ, ಅಂದರೆ ನಮ್ಮ ಡೆಂಗಿ ಸೊಳ್ಳೆ, ಇಲ್ಲಿ ಬೇಕಾದಷ್ಟಿದೆ. ಸೊಳ್ಳೆ ರೆಡಿ ಇದೆ, ವೈರಸ್ ಮಾತ್ರ ಬಂದಿಲ್ಲ. ಒಬ್ಬರು ಹೊತ್ತು ತಂದರೂ ಸಾಕು ಎಂಬ ಭಯಕ್ಕೇ ಈ ವಿಷಯದಲ್ಲಿ ನಮ್ಮ ಸರ್ಕಾರ ಬಿಗಿ. ಹಳದಿ ಜ್ವರ ಇರುವ ದೇಶಗಳ ಪಟ್ಟಿಯಲ್ಲಿ ಕೀನ್ಯಾ ಕೂಡ ಇದೆ. ಅಲ್ಲಿಂದ ಬರುವಾಗ ಲಸಿಕೆಯ ಹಳದಿ ಕಾರ್ಡ್ ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಇಲ್ಲಿ ತಮಾಷೆ ನೋಡಿ: ಭಾರತದಿಂದ ನೇರವಾಗಿ ಹೋದವರಿಂದ ಕೀನ್ಯಾದ ನಿಯಮ ಈ ಕಾರ್ಡ್ ಕೇಳುವುದಿಲ್ಲ. ಕೇಳುವುದು ವಾಪಸ್ ಬಂದಾಗ ನಮ್ಮವರೇ. ಹೋಗುವಾಗ ಯಾರೂ ಕೇಳಲಿಲ್ಲ, ಹಾಗಾದರೆ ಬೇಕಿರಲಿಲ್ಲ ಎಂದುಕೊಂಡವರು ಸಿಕ್ಕಿಬೀಳುವುದು ಹೀಗೆ. ಮಾರಾ ಇರುವ ಕಡೆ ಕಾಯಿಲೆಯ ಅಪಾಯವೂ ಇದೆ. ಆದ್ದರಿಂದ ಬರೀ ಕಾರ್ಡಿಗಾಗಿ ಎಂದು ಭಾವಿಸಬೇಡಿ.

ನೆನಪಿಡಬೇಕಾದ್ದು ಇಷ್ಟು. ಲಸಿಕೆ ಹಾಕಿಸಿದ ಹತ್ತು ದಿನದ ನಂತರವೇ ಕಾರ್ಡ್ ಊರ್ಜಿತ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಮುಂಚೆ ಹತ್ತು ವರ್ಷಕ್ಕೊಮ್ಮೆ ಬೇಕಿತ್ತು, 2016ರ ಜುಲೈನಲ್ಲಿ ನಿಯಮ ಬದಲಾಯಿತು. ಯಾವುದೋ ಕ್ಲಿನಿಕ್‌ನಲ್ಲಿ ಹಾಕಿಸಿದರೆ ಲೆಕ್ಕಕ್ಕಿಲ್ಲ, ಕೇಂದ್ರ ಆರೋಗ್ಯ ಸಚಿವಾಲಯ ಒಪ್ಪಿದ ಕೇಂದ್ರವೇ ಆಗಬೇಕು. ಪಟ್ಟಿ ಸಚಿವಾಲಯದ ಪುಟದಲ್ಲಿದೆ. ಕೆಲವು ಕೇಂದ್ರಗಳು ವಾರದ ನಿಗದಿತ ದಿನ ಮಾತ್ರ ಹಾಕುತ್ತವೆ, ಮೊದಲೇ ಫೋನ್ ಮಾಡಿ. ಕಾರ್ಡಿನಲ್ಲಿ ಹೆಸರು, ಪಾಸ್‌ಪೋರ್ಟ್ ನಂಬರ್ ಸರಿಯಿದೆಯೇ ಎಂದು ಕೌಂಟರ್ ಬಿಡುವ ಮುಂಚೆಯೇ ನೋಡಿ.

ಎಲ್ಲರಿಗೂ ಈ ಲಸಿಕೆ ಆಗುವುದಿಲ್ಲ. ಇದು ಜೀವಂತ ವೈರಸ್ಸನ್ನು ದುರ್ಬಲ ಮಾಡಿ, ಕೋಳಿ ಮೊಟ್ಟೆಯಲ್ಲಿ ಬೆಳೆಸಿ ಮಾಡಿದ ಲಸಿಕೆ. ಮೊಟ್ಟೆಯ ತೀವ್ರ ಅಲರ್ಜಿ ಇರುವವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರು, ಒಂಬತ್ತು ತಿಂಗಳೊಳಗಿನ ಮಕ್ಕಳು ಹಾಕಿಸಿಕೊಳ್ಳುವಂತಿಲ್ಲ. ಬಸುರಿಯರು, ಎಳೆ ಮಗುವಿಗೆ ಹಾಲೂಡಿಸುವವರು ಡಾಕ್ಟರನ್ನು ಕೇಳದೆ ಮುಂದುವರಿಯಬಾರದು. ಅರವತ್ತು ದಾಟಿ ಮೊದಲ ಬಾರಿ ಹಾಕಿಸುವವರಲ್ಲಿ ಗಂಭೀರ ಅಡ್ಡ ಪರಿಣಾಮ ಅಪರೂಪ, ಆದರೆ ಕಿರಿಯರಿಗಿಂತ ಹೆಚ್ಚು.

ನಮ್ಮ ಉದಾಹರಣೆಯ ಅಜ್ಜಿ ಇಲ್ಲಿ ಬರುತ್ತಾರೆ. ಅವರ ವಿಷಯವನ್ನು ಲಸಿಕೆ ಕೇಂದ್ರದ ಸಾಲಿನಲ್ಲಿ ನಿಂತು ತೀರ್ಮಾನಿಸಬೇಡಿ. ಅವರನ್ನು ವರ್ಷಗಳಿಂದ ನೋಡುತ್ತಿರುವ ಡಾಕ್ಟರ ಹತ್ತಿರ ಟಿಕೆಟ್ ಕೊಳ್ಳುವ ಮುಂಚೆ ಮಾತಾಡಿ. ಬೇಡ ಅಂದರೆ ವಿನಾಯಿತಿ ಪತ್ರ ಸಿಗಬಹುದು, ಆದರೆ ಅದಿದ್ದರೂ ವಾಪಸ್ ಬಂದಾಗ ನಿಗಾದಲ್ಲಿ ಇಡುವ ಸಾಧ್ಯತೆ ಇದೆ. ನಾನಾದರೆ ಆಗ ದೇಶವನ್ನೇ ಬದಲಿಸುತ್ತೇನೆ. ದಕ್ಷಿಣ ಆಫ್ರಿಕಾದಲ್ಲಿ ಹಳದಿ ಜ್ವರ ಇಲ್ಲ. ಅಲ್ಲಿನ ಮಡಿಕ್ವೆ, ಪಿಲಾನ್ಸ್‌ಬರ್ಗ್ ಕಾಡುಗಳಲ್ಲಿ ಮಲೇರಿಯಾ ಕೂಡ ಇಲ್ಲ. ಸಿಂಹ, ಆನೆ, ಘೇಂಡಾಮೃಗ ಎಲ್ಲ ಇವೆ. ಆದರೆ ಅಲ್ಲಿಗೆ ನೈರೋಬಿ ಅಥವಾ ಅಡಿಸ್ ಅಬಾಬಾ ಮೇಲೆ ಹೋಗಿ, ಅಲ್ಲಿ 12 ಗಂಟೆಗಿಂತ ಹೆಚ್ಚು ಕಾದರೆ ಕಾರ್ಡಿನ ಪ್ರಶ್ನೆ ಮತ್ತೆ ಎದುರಾಗುತ್ತದೆ.

ಹಂತ 5: ಮಲೇರಿಯಾ. "ನಮ್ಮೂರಲ್ಲೂ ಇದೆ ಬಿಡಿ" ಅನ್ನಬೇಡಿ

ಮಂಗಳೂರಿನವರು ಈ ಮಾತು ಹೇಳುತ್ತಾರೆ. ಮಂಗಳೂರಿನಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಮಲೇರಿಯಾ. ಸುಸ್ತು ಮಾಡುತ್ತದೆ, ಮರುಕಳಿಸುತ್ತದೆ, ಆದರೆ ಸಾಯಿಸುವುದು ಕಡಿಮೆ. ಕೀನ್ಯಾದಲ್ಲಿ ಬಹುಪಾಲು ಫಾಲ್ಸಿಪಾರಂ. ಚಿಕಿತ್ಸೆ ತಡವಾದರೆ ಒಂದೆರಡು ದಿನದಲ್ಲೇ ಮಿದುಳು, ಮೂತ್ರಪಿಂಡಕ್ಕೆ ಹೋಗಿ ಜೀವ ತೆಗೆಯಬಲ್ಲದು. ಚಿಕ್ಕಂದಿನಲ್ಲಿ ಮಲೇರಿಯಾ ಬಂದಿತ್ತು, ಹಾಗಾಗಿ ಈಗ ಬರುವುದಿಲ್ಲ ಎಂಬುದೂ ಸುಳ್ಳು.

ಮಾರಾಕ್ಕೆ, ಡಿಯಾನಿಗೆ ಹೋಗುವವರು ತಡೆಗಟ್ಟುವ ಮಾತ್ರೆ ತೆಗೆದುಕೊಳ್ಳಬೇಕು. ಸಾಮಾನ್ಯವಾಗಿ ಕೊಡುವುದು ಮೂರು ಬಗೆ. ಅಟೊವಕ್ವೋನ್-ಪ್ರೊಗುವಾನಿಲ್ ದಿನಕ್ಕೊಂದು, ಹೋಗುವ ಒಂದೆರಡು ದಿನ ಮುಂಚೆ ಶುರು, ಬಂದ ಮೇಲೆ ಏಳು ದಿನ. ಡಾಕ್ಸಿಸೈಕ್ಲಿನ್ ಕೂಡ ದಿನಕ್ಕೊಂದು, ಅಗ್ಗ. ಆದರೆ ಬಂದ ಮೇಲೆ ನಾಲ್ಕು ವಾರ ನುಂಗಬೇಕು. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಎಂಟು ವರ್ಷದೊಳಗಿನ ಮಕ್ಕಳಿಗೆ, ಬಸುರಿಯರಿಗೆ ಕೊಡುವುದಿಲ್ಲ. ಅಂದರೆ ನಮ್ಮ ಏಳು ವರ್ಷದ ಹುಡುಗನಿಗೆ ಇದು ಆಗದು. ಮೆಫ್ಲೋಕ್ವಿನ್ ವಾರಕ್ಕೊಂದು, ಆದರೆ ಫಿಟ್ಸ್ ಅಥವಾ ಮಾನಸಿಕ ಕಾಯಿಲೆ ಇದ್ದವರಿಗೆ ಬೇಡ. ಹಳೆಯ ಕ್ಲೋರೋಕ್ವಿನ್ ಅಲ್ಲಿನ ಫಾಲ್ಸಿಪಾರಂಗೆ ಈಗ ನಾಟುವುದಿಲ್ಲ. ಹೋಮಿಯೋಪತಿ ಗುಳಿಗೆ ನಂಬಿ ಹೋಗಬೇಡಿ. ಯಾವ ಮಾತ್ರೆ, ಎಷ್ಟು ಎಂಬುದನ್ನು ಡಾಕ್ಟರೇ ತೂಕ, ವಯಸ್ಸು, ಬೇರೆ ಮಾತ್ರೆ ನೋಡಿ ಹೇಳಬೇಕು. ಎಲ್ಲ ಮೆಡಿಕಲ್ ಶಾಪ್‌ನಲ್ಲೂ ಇವು ಸಿಗುವುದಿಲ್ಲ, ಮೂರ್ನಾಲ್ಕು ವಾರ ಮುಂಚೆ ವಿಚಾರಿಸಿ.

ಮಾತ್ರೆ ನುಂಗಿದರೂ ಸೊಳ್ಳೆಯಿಂದ ತಪ್ಪಿಸಿಕೊಳ್ಳಲೇಬೇಕು. ಮಲೇರಿಯಾ ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನವರೆಗೆ. ಉದ್ದ ತೋಳು, ಪೂರ್ತಿ ಪ್ಯಾಂಟು, ಸೊಳ್ಳೆ ಓಡಿಸುವ ಡೀಟ್ ಎಂಬ ರಾಸಾಯನಿಕ ಶೇಕಡ 20ರಿಂದ 50ರಷ್ಟು ಇರುವ ಲೇಪನ, ಮಲಗುವಾಗ ಪರದೆ. ಬಟ್ಟೆ ತಿಳಿ ಬಣ್ಣದ್ದಿರಲಿ. ಕಡು ನೀಲಿ ಮತ್ತು ಕಪ್ಪು ಸೆಟ್ಸಿ ನೊಣವನ್ನು ಕರೆಯುತ್ತದೆ, ಅದರ ಕಡಿತ ಉರಿಯುತ್ತದೆ.

ಇನ್ನು ಟೈಫಾಯ್ಡ್, ಹೆಪಟೈಟಿಸ್ ಎ ಲಸಿಕೆ ಇದೆಯೇ, ಟಿಟಿ ಯಾವಾಗ ಆಗಿತ್ತು ಎಂದು ಅದೇ ಭೇಟಿಯಲ್ಲಿ ಕೇಳಿಬಿಡಿ. ನಲ್ಲಿ ನೀರು, ಐಸ್ ಬೇಡ. ವಿಕ್ಟೋರಿಯಾ ಸರೋವರದ ಕಡೆ ಹೋದರೆ ನೀರಿಗಿಳಿಯಬೇಡಿ, ಚರ್ಮದ ಮೂಲಕ ದೇಹ ಹೊಕ್ಕುವ ಹುಳುವಿನ ಕಾಯಿಲೆ ಅಲ್ಲಿದೆ. ನಾಯಿ, ಮಂಗ ಕಚ್ಚಿದರೆ ಸಾಬೂನು ಹಾಕಿ ಹದಿನೈದು ನಿಮಿಷ ತೊಳೆದು, ಆ ದಿನವೇ ರೇಬೀಸ್ ಲಸಿಕೆ. ಇದು ನಮಗೆ ಗೊತ್ತಿರುವ ಪಾಠವೇ.

ಹಂತ 6: ಹೋಗುವವರ ದೇಹ

ಮಾರಾದ ಕ್ಯಾಂಪಿನಿಂದ ದೊಡ್ಡ ಆಸ್ಪತ್ರೆ ಎಷ್ಟು ದೂರ? ಉತ್ತರ: ವಿಮಾನದಲ್ಲಿ ಮುಕ್ಕಾಲು ಗಂಟೆ, ರಸ್ತೆಯಲ್ಲಿ ಐದಾರು ಗಂಟೆ. ಈ ಒಂದು ಸಾಲನ್ನು ಮನಸ್ಸಿನಲ್ಲಿಟ್ಟು ಅಜ್ಜಿಯ ವಿಷಯ ಯೋಚಿಸಿ. ಇತ್ತೀಚೆಗೆ ಎದೆನೋವು ಬಂದಿತ್ತೇ? ಶುಗರ್ ಹತೋಟಿಯಲ್ಲಿದೆಯೇ? ಜೀಪಿನಲ್ಲಿ ದಿನಕ್ಕೆ ಆರು ಗಂಟೆ ಕುಲುಕಾಟ ಬೆನ್ನು ತಡೆದೀತೇ? ಹೊರಡುವ ತಿಂಗಳು ಮುಂಚೆ ಒಂದು ತಪಾಸಣೆ ಮಾಡಿಸಿ.

ಮಾತ್ರೆಗಳನ್ನು ಬೇಕಾದ್ದಕ್ಕಿಂತ ಒಂದು ವಾರದಷ್ಟು ಹೆಚ್ಚು ಇಟ್ಟುಕೊಂಡು, ಕೈಯಲ್ಲಿರುವ ಬ್ಯಾಗಿನಲ್ಲೇ ಹಾಕಿ. ಚೀಟಿಯಲ್ಲಿ ಕಂಪನಿ ಹೆಸರಿನ ಜೊತೆ ಔಷಧಿಯ ಮೂಲ ಹೆಸರೂ ಇರಲಿ. ನಮ್ಮ ಬ್ರ್ಯಾಂಡ್ ಹೆಸರು ಅಲ್ಲಿ ಯಾರಿಗೂ ಗೊತ್ತಾಗದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಒಂದು ಸಮಾಧಾನ: ಕೀನ್ಯಾ ನಮಗಿಂತ ಎರಡೂವರೆ ಗಂಟೆ ಮಾತ್ರ ಹಿಂದೆ, ಹೊತ್ತು ಹೊಂದಿಸುವುದು ಕಷ್ಟವಲ್ಲ. ಕ್ಯಾಂಪಿನಲ್ಲಿ ರಾತ್ರಿ ಕರೆಂಟ್, ಫ್ರಿಜ್ ಇರುತ್ತದೆಯೇ ಎಂದು ಮೊದಲೇ ಕೇಳಿ. ಎಷ್ಟೋ ಕಡೆ ಜನರೇಟರ್ ಹತ್ತು ಗಂಟೆಗೆ ಆಫ್.

ಹಂತ 7: ರಸ್ತೆ

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆ ಅಪಘಾತದಲ್ಲಿ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೇಳುತ್ತದೆ. ಆರೋಗ್ಯವಾಗಿ ಹೊರಟ ಪ್ರವಾಸಿಗಳ ಸಾವಿನ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಆದರೂ ಪ್ಯಾಕೇಜ್ ಮಾತಾಡುವಾಗ ನಾವು ಕೇಳುವುದು "ಬ್ರೇಕ್‌ಫಾಸ್ಟ್ ಇದೆಯಾ?" ಎಂದು. ಕೇಳಬೇಕಾದ್ದು: ಗಾಡಿಯ ಎಲ್ಲ ಸೀಟಿಗೂ ಬೆಲ್ಟ್ ಇದೆಯೇ? ಮಗುವಿನ ಸೀಟು ಸಿಗುತ್ತದೆಯೇ? ಸಂಜೆ ಆರರೊಳಗೆ ತಲುಪುತ್ತೇವೆಯೇ?

ನೈರೋಬಿಯಿಂದ ಮಾಯಿ ಮಾಹಿಯು ಕಡೆ ಇಳಿಯುವ ಘಟ್ಟದ ರಸ್ತೆ ನೋಡಲು ಚಂದ, ಲಾರಿಗಳ ಕಾಟ ಬಹಳ. ಕತ್ತಲಾದ ಮೇಲೆ ಅಲ್ಲಿ ಓಡಾಟ ಬೇಡ. ಹಣ ಇದ್ದರೆ ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಮಾರಾಕ್ಕೆ ಸಣ್ಣ ವಿಮಾನವಿದೆ. ಒಬ್ಬರಿಗೆ ಸಾಮಾನ್ಯವಾಗಿ 15 ಕಿಲೋ ಲಗೇಜು, ಅದೂ ಮೆತ್ತನೆಯ ಬ್ಯಾಗು. ದೊಡ್ಡ ಲೆನ್ಸ್ ಒಯ್ಯುವವರು ತೂಕ ನೋಡಿಕೊಳ್ಳಿ. ನಾಲ್ಕು ಜನಕ್ಕೆ ದುಬಾರಿ ಅನ್ನಿಸಿದರೆ ಅಜ್ಜಿ ಮತ್ತು ಒಬ್ಬರು ವಿಮಾನದಲ್ಲಿ, ಉಳಿದವರು ರಸ್ತೆಯಲ್ಲಿ ಹೋಗಬಹುದು. ಮಟಾಟು ಎಂಬ ಅಲ್ಲಿನ ವ್ಯಾನುಗಳಲ್ಲಿ ಒಮ್ಮೆ ಕೂರಬೇಕು ಎಂಬ ಆಸೆ ಮಕ್ಕಳಿರುವಾಗ ಬೇಡ.

ಪ್ರಾಣಿಗಳ ವಿಷಯ ಚುಟುಕಾಗಿ. ಗೈಡ್ ಹೇಳದೆ ಜೀಪಿನಿಂದ ಇಳಿಯಬೇಡಿ. ಮಾರಾದ ಎಷ್ಟೋ ಕ್ಯಾಂಪುಗಳಿಗೆ ಬೇಲಿ ಇಲ್ಲ, ರಾತ್ರಿ ಕಾವಲುಗಾರನಿಲ್ಲದೆ ಟೆಂಟಿನಿಂದ ಹೊರಬರಬಾರದು. ನೈವಾಶಾದಲ್ಲಿ ಹೆದರಬೇಕಾದ್ದು ನೀರಾನೆಗೆ. 2018ರಲ್ಲಿ ಅಲ್ಲಿ ದಡದಲ್ಲಿ ಹತ್ತಿರದಿಂದ ಫೋಟೋ ತೆಗೆಯುತ್ತಿದ್ದ ಪ್ರವಾಸಿಯೊಬ್ಬರನ್ನು ನೀರಾನೆ ಕಚ್ಚಿ ಕೊಂದಿತು.

ಹಂತ 8: ಕಳ್ಳರು, ಕಾನೂನು

ನೈರೋಬಿಯಲ್ಲಿ ಮೊಬೈಲ್ ಕಸಿಯುವುದು ಮಾಮೂಲು. ರಸ್ತೆಯಲ್ಲಿ ಫೋನ್ ಹಿಡಿದು ನಡೆಯಬೇಡಿ, ಕಾರಿನ ಕಿಟಕಿ ಏರಿಸಿರಿ, ಕತ್ತಲಾದ ಮೇಲೆ ಕಾಲ್ನಡಿಗೆ ಬೇಡ. ಊಬರ್, ಬೋಲ್ಟ್ ಎರಡೂ ಅಲ್ಲಿವೆ. ಬಂಗಾರದ ಸರ ಮನೆಯಲ್ಲೇ ಇರಲಿ. ಅಜ್ಜಿಗೆ ಕರಿಮಣಿ ತೆಗೆಯಲು ಮನಸ್ಸಿಲ್ಲದಿದ್ದರೆ ದಾರದಲ್ಲಿ ಪೋಣಿಸಿದ್ದು ಸಾಕು.

2024ರ ಜನವರಿಯಿಂದ ಕೀನ್ಯಾ ವೀಸಾ ತೆಗೆದು ಇಟಿಎ ಎಂಬ ಆನ್‌ಲೈನ್ ಅನುಮತಿ ತಂದಿದೆ. ಇದಕ್ಕೆ ನಕಲಿ ಸೈಟುಗಳು ಬೇಕಾದಷ್ಟಿವೆ, ಎರಡು ಮೂರು ಪಟ್ಟು ಹಣ ಕೀಳುತ್ತವೆ. ವಿಳಾಸದ ಕೊನೆಗೆ 'ಗೋ ಡಾಟ್ ಕೆಇ' ಇದ್ದರೆ ಮಾತ್ರ ಸರ್ಕಾರದ್ದು.

ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಅಲ್ಲಿ 2017ರ ಆಗಸ್ಟ್‌ನಿಂದ ನಿಷೇಧ. ರಾಷ್ಟ್ರೀಯ ಉದ್ಯಾನಗಳಲ್ಲಿ 2020ರಿಂದ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿಗೂ ಅವಕಾಶವಿಲ್ಲ. ಚಕ್ಕುಲಿ, ಕೋಡುಬಳೆ ಒಯ್ಯುವವರು ಡಬ್ಬಿಯಲ್ಲಿ ಒಯ್ಯಿರಿ. ಡ್ರೋನ್ ಅನುಮತಿಯಿಲ್ಲದೆ ತರಬೇಡಿ. ದಂತ, ಚರ್ಮ, ಕೊಂಬು ಯಾರೇ ಮಾರಲಿ, ಮುಟ್ಟಬೇಡಿ.

ಹಂತ 9: ವಿಮೆಯ ಸಣ್ಣ ಅಕ್ಷರ

ಟ್ರಾವೆಲ್ ಇನ್ಶುರೆನ್ಸ್ ಕೊಳ್ಳುವಾಗ ಬೆಲೆಗಿಂತ ಮೊದಲು ನಾಲ್ಕು ಪ್ರಶ್ನೆ ಕೇಳಿ. ಮೊದಲೇ ಇರುವ ಶುಗರ್, ಬಿಪಿಯಿಂದ ಏನಾದರೂ ಆದರೆ ಕೊಡುತ್ತೀರಾ? ಕಾಡಿನಿಂದ ವಿಮಾನದಲ್ಲಿ ಎತ್ತಿ ತರುವ ಖರ್ಚು ಒಳಗೊಂಡಿದೆಯಾ? ಬಲೂನ್ ಸವಾರಿ, ಸ್ಕೂಬಾ ಸಾಹಸ ಎಂದು ಹೊರಗಿಟ್ಟಿದ್ದೀರಾ? ಸರ್ಕಾರ ಹೋಗಬೇಡಿ ಎಂದ ಜಾಗಕ್ಕೆ ಹೋದರೆ ಏನು? ಉತ್ತರ ಫೋನಿನಲ್ಲಿ ಬೇಡ, ಇಮೇಲ್‌ನಲ್ಲಿ ಬರಲಿ. ಅಜ್ಜಿಯ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಟ್ಟರೆ ಕ್ಲೇಮ್ ತಿರಸ್ಕರಿಸಲು ಅವರಿಗೆ ಅಷ್ಟೇ ಸಾಕು.

ಕೀನ್ಯಾದಲ್ಲಿ ಇದಕ್ಕೊಂದು ಒಳ್ಳೆಯ ವ್ಯವಸ್ಥೆ ಇದೆ. 1957ರಲ್ಲಿ ಶುರುವಾದ, ಆಮ್ರೆಫ್ ಎಂಬ ಆರೋಗ್ಯ ಸಂಸ್ಥೆಯ ಫ್ಲೈಯಿಂಗ್ ಡಾಕ್ಟರ್ಸ್ ತಂಡ ವಿಲ್ಸನ್ ನಿಲ್ದಾಣದಿಂದ ಆಂಬುಲೆನ್ಸ್ ವಿಮಾನ ಹಾರಿಸುತ್ತದೆ. ಪ್ರವಾಸಿಗಳಿಗೆ ಕೆಲವು ವಾರಗಳ ಸದಸ್ಯತ್ವವೂ ಸಿಗುತ್ತದೆ. ಎಷ್ಟೋ ಕ್ಯಾಂಪುಗಳು ಬಾಡಿಗೆಯಲ್ಲೇ ಇದನ್ನು ಸೇರಿಸಿರುತ್ತವೆ, ಕೇಳಿ ನೋಡಿ. ಅದು ನಿಮ್ಮನ್ನು ಆಸ್ಪತ್ರೆಗೆ ಮುಟ್ಟಿಸುತ್ತದೆ, ಆಸ್ಪತ್ರೆಯ ಬಿಲ್ಲು ಕಟ್ಟುವುದು ಬೇರೆ ವಿಮೆ. ನೈರೋಬಿಯಲ್ಲಿ ಆಗಾ ಖಾನ್ ವಿಶ್ವವಿದ್ಯಾಲಯ ಆಸ್ಪತ್ರೆ, ದಿ ನೈರೋಬಿ ಹಾಸ್ಪಿಟಲ್ ದೊಡ್ಡವು. ನಿಮ್ಮ ವಿಮೆ ಅಲ್ಲಿ ಕ್ಯಾಶ್‌ಲೆಸ್ ನಡೆಯುತ್ತದೆಯೇ ಎಂಬುದು ಇಲ್ಲಿಂದಲೇ ಗೊತ್ತಾಗಬೇಕು. ತುರ್ತಿಗೆ 999 ಅಥವಾ 112.

ಬೇರೆ ದೇಶಕ್ಕೆ ಹೊರಟವರಿಗೆ ಒಂದು ಮಾತು. ಬಾಲಿ, ಥಾಯ್ಲೆಂಡ್‌ನಲ್ಲಿ ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳುವವರು ಆರ್‌ಟಿಒದಿಂದ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸದಿದ್ದರೆ, ಬಿದ್ದಾಗ ವಿಮೆ ಕೈಕೊಡುವುದೇ ಹೆಚ್ಚು.

ಹಂತ 10: ಈಗ ತೀರ್ಮಾನ

ಕಾಗದಕ್ಕೆ ವಾಪಸ್ ಬನ್ನಿ. ಪ್ರತಿ ಅಪಾಯದ ಮುಂದೆ ಎರಡು ಪ್ರಶ್ನೆ: ಆಗುವ ಸಾಧ್ಯತೆ ಎಷ್ಟು, ಆಗಿಬಿಟ್ಟರೆ ಎಷ್ಟು ಕೆಟ್ಟದ್ದು? ಮೊಬೈಲ್ ಹೋಗುವ ಸಾಧ್ಯತೆ ಜಾಸ್ತಿ, ಆದರೆ ಹೋದರೆ ಹೋಯಿತು. ಅಜ್ಜಿಗೆ ಕಾಡಿನಲ್ಲಿ ಹೃದಯಾಘಾತ ಆಗುವ ಸಾಧ್ಯತೆ ಕಡಿಮೆ, ಆದರೆ ಆಗಿಬಿಟ್ಟರೆ ಬಹಳ ಕೆಟ್ಟದ್ದು. ಎರಡನೆಯದಕ್ಕೆ ಹಣ, ಸಮಯ ಜಾಸ್ತಿ ಹಾಕಿ.

ನಮ್ಮ ಉದಾಹರಣೆಯ ಮನೆಯವರಿಗೆ ನಾನು ಹೇಳುವುದು ಹೀಗೆ. ಅಜ್ಜಿಗೆ ಡಾಕ್ಟರು ಲಸಿಕೆಗೆ ಒಪ್ಪಿದರೆ ಹೋಗಿ. ಡಿಯಾನಿಯನ್ನು ಬಿಟ್ಟುಬಿಡಿ. ಮಲೇರಿಯಾ ಜಾಸ್ತಿ ಇರುವ ಜಾಗ ಒಂದು ಕಡಿಮೆಯಾಯಿತು, ಒಂದು ಪ್ರಯಾಣವೂ ಉಳಿಯಿತು. ಬೀಚು ಗೋಕರ್ಣದಲ್ಲೂ ಇದೆ. ಉಳಿದ ಹಣದಲ್ಲಿ ಮಾರಾಕ್ಕೆ ವಿಮಾನ ಟಿಕೆಟ್ ಕೊಳ್ಳಿ. ಗಂಡ, ಹೆಂಡತಿ ಇಬ್ಬರೇ ಹೊರಟಿದ್ದರೆ ಡಿಯಾನಿ ಬಿಡಿ ಎಂದು ನಾನು ಹೇಳುತ್ತಿರಲಿಲ್ಲ.

ಹೊರಡುವ ಮುಂಚಿನ ದಿನ ಪಾಸ್‌ಪೋರ್ಟ್, ಇಟಿಎ, ಹಳದಿ ಕಾರ್ಡ್, ವಿಮೆ, ಔಷಧಿ ಚೀಟಿ ಎಲ್ಲದರ ಫೋಟೋ ತೆಗೆದು ಊರಲ್ಲಿರುವ ಒಬ್ಬರಿಗೆ ಕಳಿಸಿ. ಸೂಚನೆಗಳ ಪುಟವನ್ನು ಕೊನೆಯ ಬಾರಿ ತೆರೆದು, ಮೇಲಿರುವ ದಿನಾಂಕ ಬದಲಾಗಿದೆಯೇ ನೋಡಿ.

ವಾಪಸ್ ಬಂದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಮಲೇರಿಯಾ ಮಾತ್ರೆಯ ಕೋರ್ಸ್ ಮುಗಿಸಿ. ಮುಂದಿನ ಮೂರು ತಿಂಗಳಲ್ಲಿ ಜ್ವರ ಬಂದರೆ, ಮಾತ್ರೆ ಪೂರ್ತಿ ತೆಗೆದುಕೊಂಡಿದ್ದರೂ, ಪ್ಯಾರಾಸಿಟಮಾಲ್ ನುಂಗಿ ಎರಡು ದಿನ ಕಾಯಬೇಡಿ. ಆ ದಿನವೇ ರಕ್ತ ಪರೀಕ್ಷೆ ಮಾಡಿಸಿ. ಡಾಕ್ಟರ ಮುಂದೆ ಕೂತ ಕೂಡಲೇ, ಅವರು ಕೇಳುವ ಮುಂಚೆಯೇ, ಕೀನ್ಯಾಕ್ಕೆ ಹೋಗಿದ್ದೆ ಎಂದು ಹೇಳಿ.